ಸಮರ್ಥ ನಾಯಕತ್ವದ ಲಕ್ಷಣಗಳು: ಗ್ರಾಮ ಪಂಚಾಯತಿ ಸದಸ್ಯರಿಗೆ ಒಂದು ವಿವರಣೆ



ಒಂದು ಸನ್ನಿವೇಶವನ್ನು ಭಾವಿಸಿಕೊಳ್ಳೋಣ. ಕಮಲಾಪುರ ತಾಲ್ಲೂಕಿನಲ್ಲಿ ನೆರೆಹೊರೆಯ ಎರಡು ಗ್ರಾಮ ಪಂಚಾಯತಿಗಳಿವೆ. ಎರಡಕ್ಕೂ ಬರುವ ಅನುದಾನ ಹೆಚ್ಚುಕಡಿಮೆ ಸಮ. ಸಿಬ್ಬಂದಿಯ ಸಂಖ್ಯೆಯೂ ಸಮ. ಏಪ್ರಿಲ್ ತಿಂಗಳ ಒಂದೇ ವಾರದಲ್ಲಿ ಎರಡೂ ಕಡೆ ಮುಖ್ಯ ಕೊಳವೆಬಾವಿ ಬತ್ತುತ್ತದೆ. ಮೊದಲನೆಯ ಪಂಚಾಯತಿಯಲ್ಲಿ ನೀರುಗಂಟಿಗೆ ದಿನಕ್ಕೆ ಹತ್ತು ದೂರವಾಣಿ ಕರೆಗಳು ಬರುತ್ತವೆ. ಗಟ್ಟಿಯಾಗಿ ಗದರಿದವರ ಓಣಿಗೆ ಮೊದಲು ನೀರು ಹೋಗುತ್ತದೆ, ಊರ ಹೊರಗಿನ ತಾಂಡಾದ ಹೆಣ್ಣುಮಕ್ಕಳು ಕೊಡ ಹಿಡಿದು ಹೊಲದ ಬಾವಿಗೆ ನಡೆಯುತ್ತಾರೆ. ಎರಡನೆಯ ಪಂಚಾಯತಿಯಲ್ಲಿ ಮರುದಿನವೇ ಸಭೆ ಸೇರುತ್ತದೆ. ಯಾವ ಓಣಿಗೆ ಯಾವ ದಿನ ಎಷ್ಟು ಹೊತ್ತು ನೀರು ಎಂಬುದನ್ನು ಬರೆದು ಪಂಚಾಯತಿಯ ಗೋಡೆಗೆ ಅಂಟಿಸಲಾಗುತ್ತದೆ. ಅಧ್ಯಕ್ಷರ ಮನೆಯ ಸರದಿಯೂ ಆ ಪಟ್ಟಿಯಲ್ಲಿಯೇ ಇರುತ್ತದೆ. ಅಲ್ಲಿಯೂ ನೀರು ಕಡಿಮೆಯೇ, ಆದರೆ ಜಗಳವಿಲ್ಲ. ಯಾರೂ ಬರಿಗೊಡದೊಡನೆ ಹಿಂದಿರುಗುವುದಿಲ್ಲ.

ಹಣವೂ ಕಾನೂನೂ ಒಂದೇ ಆಗಿರುವಾಗ ಈ ಅಂತರ ಎಲ್ಲಿಂದ ಬಂತು? ಅಂತರಕ್ಕೆ ಕಾರಣವಾದ ಆ ಗುಣವನ್ನೇ ನಾವು ನಾಯಕತ್ವ ಎಂದು ಕರೆಯುತ್ತೇವೆ. ಅದು ಹುಟ್ಟಿನಿಂದ ಬರುವ ವರವಲ್ಲ; ಅಭ್ಯಾಸದಿಂದ ಸಾಧಿಸಬಹುದಾದ ಕೆಲವು ನಡವಳಿಕೆಗಳ ಮೊತ್ತ. ಆ ನಡವಳಿಕೆಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಅಧಿಕಾರವು ವ್ಯಕ್ತಿಯದಲ್ಲ, ಸಭೆಯದು

ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಅಧಿನಿಯಮವೂ ಜಾರಿಯಾಯಿತು. ಈಗ ಅದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಎಂಬ ಹೆಸರಿನಲ್ಲಿದೆ. ಇವೆರಡರ ತಿರುಳು ಒಂದೇ: ಗ್ರಾಮದ ಸರ್ಕಾರವೆಂದರೆ ಅಧ್ಯಕ್ಷರೊಬ್ಬರಲ್ಲ, ಸದಸ್ಯರೆಲ್ಲರೂ ಕೂಡಿದ ಸಭೆ. ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಸದಸ್ಯರು ಆಯ್ಕೆಯಾಗುತ್ತಾರೆ. ಆದ್ದರಿಂದ ಸಭೆಯಲ್ಲಿ ಒಬ್ಬ ಸದಸ್ಯರ ಮಾತನ್ನು ತಡೆದರೆ ನಾನೂರು ಜನರ ಮಾತನ್ನು ತಡೆದಂತಾಗುತ್ತದೆ.

ಅಧ್ಯಕ್ಷರ ಬಲ ಅವರ ಧ್ವನಿಯಲ್ಲಿಲ್ಲ, ಸಭೆಯ ಠರಾವಿನಲ್ಲಿದೆ. ಕೆಲವರು ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದಿಂದ ಕಲಬುರಗಿ ನಗರಕ್ಕೆ ಬಂದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಕೈಯಲ್ಲಿ ಒಂದು ಮನವಿ ಪತ್ರವಿರುತ್ತದೆ. ಸಭೆಯ ನಡವಳಿಯ ಪ್ರತಿ ಇರುವುದಿಲ್ಲ, ಅಂದಾಜು ಪಟ್ಟಿ ಇರುವುದಿಲ್ಲ, ಜಾಗದ ದಾಖಲೆ ಇರುವುದಿಲ್ಲ. ಆ ದಿನದ ಕೂಲಿ, ಬಸ್ ಚಾರ್ಜು ಎರಡೂ ವ್ಯರ್ಥ. ಸಭೆಯ ಒಪ್ಪಿಗೆ ಪಡೆದು, ದಾಖಲೆ ಹೊಂದಿಸಿಕೊಂಡು ಬಂದ ಸಾಮಾನ್ಯ ಸದಸ್ಯರ ಕಾಗದವು ಖಾಲಿ ಕೈಯಲ್ಲಿ ಬಂದ ಪ್ರಭಾವಿಗಳ ಮಾತಿಗಿಂತ ಹೆಚ್ಚು ತೂಕವುಳ್ಳದ್ದು. ಹತ್ತು ಜನರ ಕಡ್ಡಿ ಒಬ್ಬನಿಗೆ ಹೊರೆ ಎಂಬ ಗಾದೆಯನ್ನು ಆಡಳಿತದ ಭಾಷೆಯಲ್ಲಿ ಠರಾವು ಎನ್ನುತ್ತಾರೆ.

2. ಅಧಿಕಾರವನ್ನು ಹಂಚಿಕೊಡುವ ಧೈರ್ಯ

ನಾಯಕತ್ವದ ಪಾಠಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಕಮಲಾಪುರದಿಂದ ಬಹಳ ದೂರವಿಲ್ಲದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ನಡೆದ ಅನುಭವ ಮಂಟಪದ ವಿಚಾರವನ್ನು ಎಲ್ಲರೂ ಬಲ್ಲರು. ಪರಂಪರೆಯು ಹೇಳುವಂತೆ, ಅದನ್ನು ಕಟ್ಟಿದವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು. ಆದರೆ ಅದರ ಶೂನ್ಯಪೀಠದ ಅಧ್ಯಕ್ಷತೆ ವಹಿಸಿದವರು ಅಲ್ಲಮಪ್ರಭುಗಳು. ಸಂಸ್ಥೆಯನ್ನು ಕಟ್ಟಿದವರು ತಾವೇ ಪೀಠದಲ್ಲಿ ಕುಳಿತುಕೊಳ್ಳಲಿಲ್ಲ. ನಾನಾ ಕಾಯಕದ ಗಂಡಸರೂ ಹೆಂಗಸರೂ ಅಲ್ಲಿ ಸರಿಸಮವಾಗಿ ಕುಳಿತು ಮಾತನಾಡಿದರು, ಪ್ರಶ್ನಿಸಿದರು. ಪ್ರಶ್ನೆಯನ್ನು ಅವಮಾನವೆಂದು ಎಣಿಸದ ಸಭೆ ಮಾತ್ರ ಹೀಗೆ ನಡೆಯಲು ಸಾಧ್ಯ.

ನಮ್ಮ ಕಾಲದ ಉದಾಹರಣೆ ಅಬ್ದುಲ್ ನಜೀರ್ ಸಾಬ್ ಅವರದು. ಗುಂಡ್ಲುಪೇಟೆಯವರಾದ ಅವರು 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಸಚಿವರಾದರು. ಬರಗಾಲದ ವರ್ಷಗಳಲ್ಲಿ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ಕುಡಿಯುವ ನೀರು ಒದಗಿಸಿದ್ದಕ್ಕಾಗಿ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಆದರೆ ಅವರ ಹೆಚ್ಚಿನ ಸಾಧನೆ ಬೇರೆಯೇ. ಸಾಮಾನ್ಯವಾಗಿ ಸಚಿವರು ತಮ್ಮ ಖಾತೆಯ ಅಧಿಕಾರವನ್ನು ಹೆಚ್ಚಿಸಿಕೊಳ್ಳಲು ಬಯಸುತ್ತಾರೆ. ನಜೀರ್ ಸಾಬ್ ಅವರು ರಾಜಧಾನಿಯಲ್ಲಿದ್ದ ಅಧಿಕಾರವನ್ನು ಕೆಳಕ್ಕೆ ಇಳಿಸಿದರು. 1983ರ ಅಧಿನಿಯಮದಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತಿಗಳಿಗೆ ಚುನಾವಣೆಗಳು ನಡೆದವು. ಜಿಲ್ಲಾ ಪರಿಷತ್ತಿನ ಚುನಾಯಿತ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಡಲಾಯಿತು. 73ನೇ ತಿದ್ದುಪಡಿ ಬರುವುದಕ್ಕೆ ಹಲವು ವರ್ಷ ಮೊದಲೇ ನಡೆದ ಸಂಗತಿ ಇದು. ನಜೀರ್ ಸಾಬ್ ಅವರು 1988ರಲ್ಲಿ ತೀರಿಕೊಂಡರು. ಪಂಚಾಯತಿ ಪ್ರತಿನಿಧಿಗಳಿಗೆ ತರಬೇತಿ ನೀಡುವ ಮೈಸೂರಿನ ರಾಜ್ಯ ಸಂಸ್ಥೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಅಧಿಕಾರ ಹಂಚುವುದೆಂದರೆ ಸ್ಥಾಯಿ ಸಮಿತಿಗಳಿಗೆ ಜೀವ ಕೊಡುವುದು. ಎಷ್ಟೋ ಕಡೆ ಈ ಸಮಿತಿಗಳು ಕಾಗದದ ಮೇಲೆ ರಚನೆಯಾಗಿ ಅಲ್ಲಿಯೇ ಉಳಿಯುತ್ತವೆ. ಸಾಮಾಜಿಕ ನ್ಯಾಯ ಸಮಿತಿ ನಿಜವಾಗಿ ಸಭೆ ಸೇರಿದರೆ ತಾಂಡಾದ ಹಾಗೂ ಪರಿಶಿಷ್ಟರ ಓಣಿಯ ಕೊರತೆಗಳು ಸಾಮಾನ್ಯ ಸಭೆಗೆ ಮುಂಚಿತವಾಗಿಯೇ ಪಟ್ಟಿಯಾಗುತ್ತವೆ. ಪ್ರತಿಯೊಬ್ಬ ಸದಸ್ಯರಿಗೂ ಒಂದು ನಿರ್ದಿಷ್ಟ ಹೊಣೆ ವಹಿಸಿದಾಗ, ಎಂದರೆ ಒಬ್ಬರಿಗೆ ಅಂಗನವಾಡಿ, ಒಬ್ಬರಿಗೆ ಬೀದಿದೀಪ, ಒಬ್ಬರಿಗೆ ಅರಿವು ಕೇಂದ್ರ ಎಂದಾಗ, ಅಧ್ಯಕ್ಷರ ಹೊರೆ ಇಳಿಯುತ್ತದೆ, ಸದಸ್ಯರ ಗೌರವ ಹೆಚ್ಚುತ್ತದೆ.

3. ಆಲಿಸುವುದು: ಗ್ರಾಮ ಸಭೆಯ ನಿಜವಾದ ಉದ್ದೇಶ

ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂಬುದು ಕಾನೂನಿನ ನಿಯಮ. ನಡೆದವೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಲ್ಲ. ಯಾವ ಹೊತ್ತಿನಲ್ಲಿ, ಎಲ್ಲಿ, ಯಾರ ಮುಂದೆ ನಡೆದವು ಎಂಬುದು ಮುಖ್ಯ. ತೊಗರಿ ರಾಶಿಯ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ ಕರೆದರೆ ಹೊಲಕ್ಕೆ ಹೋದವರು ಬರುವುದು ಹೇಗೆ? ಮುಖ್ಯ ಗ್ರಾಮದ ಕಟ್ಟೆಯ ಮೇಲೆಯೇ ಪ್ರತಿ ಸಲ ಸಭೆ ನಡೆದರೆ ಎರಡು ಮೈಲಿ ದೂರದ ತಾಂಡಾದ ವೃದ್ಧರು ಬರುವುದು ಹೇಗೆ? ಸಭೆಯ ಹೊತ್ತು ಮತ್ತು ಸ್ಥಳವನ್ನು ನಿರ್ಧರಿಸುವವರು ಸಭೆಯ ಫಲಿತಾಂಶವನ್ನೂ ಅರ್ಧ ನಿರ್ಧರಿಸಿಬಿಟ್ಟಿರುತ್ತಾರೆ.

ಆಲಿಸುವುದೆಂದರೆ ಬಂದ ಬೇಡಿಕೆಗಳಿಗೆಲ್ಲ ಆಗಲಿ ಎನ್ನುವುದಲ್ಲ. ಆಗದ ಕೆಲಸವನ್ನು ಆಗದು ಎಂದು ಕಾರಣಸಹಿತ ಹೇಳುವುದೂ ಆಲಿಸುವುದರ ಭಾಗ. ಇಂತಹ ಕೆಲಸಕ್ಕೆ ಈ ವರ್ಷ ಹಣವಿಲ್ಲ, ಮುಂದಿನ ಕ್ರಿಯಾ ಯೋಜನೆಯಲ್ಲಿ ಇಂತಿಷ್ಟನೆಯ ಸ್ಥಾನದಲ್ಲಿ ಸೇರಿಸಿದ್ದೇವೆ ಎಂಬ ಉತ್ತರವನ್ನು ಜನ ಒಪ್ಪುತ್ತಾರೆ. ನೋಡೋಣ ಎಂಬ ಉತ್ತರವನ್ನು ಒಪ್ಪುವುದಿಲ್ಲ. ಹಿಂದಿನ ಗ್ರಾಮ ಸಭೆಯಲ್ಲಿ ಬಂದ ಬೇಡಿಕೆಗಳು ಏನಾದವು ಎಂಬುದನ್ನು ಓದಿ ಹೇಳಿದ ನಂತರವೇ ಹೊಸ ಬೇಡಿಕೆಗಳನ್ನು ಸ್ವೀಕರಿಸುವ ಪದ್ಧತಿಯನ್ನು ಎಲ್ಲ ಪಂಚಾಯತಿಗಳೂ ರೂಢಿಸಿಕೊಳ್ಳುವುದು ಒಳಿತು.

4. ಅಂಕಿಅಂಶಗಳ ಆಧಾರದ ನಿರ್ಧಾರ

ನಮ್ಮ ಭಾಗ ಹಿಂದುಳಿದಿದೆ ಎಂಬ ಮಾತು ದಶಕಗಳಿಂದ ಇತ್ತು. ಆ ಮಾತಿಗೆ ಅಧಿಕೃತ ಬಲ ದೊರೆತದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯಿಂದ. ಸಮಿತಿಯು ತಾಲ್ಲೂಕುವಾರು ಸೂಚಕಗಳನ್ನು ಅಳೆದು, ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ತಾಲ್ಲೂಕುಗಳು ಆಗಿನ ಗುಲಬರ್ಗಾ ವಿಭಾಗದಲ್ಲಿಯೇ ಇವೆ ಎಂದು ತೋರಿಸಿತು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371ಜೆ ವಿಧಿ ಸೇರ್ಪಡೆಯಾಗಿ, ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮತ್ತು ಶಿಕ್ಷಣ, ಉದ್ಯೋಗಗಳಲ್ಲಿ ವಿಶೇಷ ಅವಕಾಶಗಳು ದೊರೆತವು. ಅದರ ಹಿಂದೆ ಬಹುಕಾಲದ ಹೋರಾಟವಿತ್ತು. ಆದರೆ ನೋವನ್ನು ಅಂಕಿಗಳಲ್ಲಿ ಬರೆದಿಟ್ಟಾಗ ಅದನ್ನು ತಳ್ಳಿಹಾಕುವುದು ಕಷ್ಟವಾಗುತ್ತದೆ ಎಂಬ ಪಾಠವೂ ಅದರಲ್ಲಿದೆ.

ಗ್ರಾಮ ಪಂಚಾಯತಿಯಲ್ಲಿಯೂ ಹೀಗೆಯೇ. ನಮ್ಮ ವಾರ್ಡಿನಲ್ಲಿ ನೀರಿಲ್ಲ ಎಂಬುದು ದೂರು. ನಮ್ಮ ವಾರ್ಡಿನಲ್ಲಿ ಇಷ್ಟು ಮನೆಗಳಿವೆ, ಇಷ್ಟಕ್ಕೆ ನಲ್ಲಿ ಇದೆ, ಕಳೆದ ತಿಂಗಳು ಇಷ್ಟು ದಿನ ನೀರು ಬಂದಿಲ್ಲ ಎಂಬುದು ಪ್ರಸ್ತಾವನೆ. ದೂರಿಗೆ ಸಮಾಧಾನ ಹೇಳಿ ಕಳುಹಿಸಬಹುದು. ಪ್ರಸ್ತಾವನೆಗೆ ಉತ್ತರ ಕೊಡಲೇಬೇಕಾಗುತ್ತದೆ. ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಮನೆಗಳು, ನಲ್ಲಿಗಳು, ಶೌಚಾಲಯಗಳು, ಶಾಲೆ ಬಿಟ್ಟ ಮಕ್ಕಳು, ಪಿಂಚಣಿ ದೊರೆಯದ ವೃದ್ಧರು ಮತ್ತು ವಿಧವೆಯರ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಬೇಕು. ಅದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

5. ಅಧಿಕಾರಿಯೊಡನೆ ಸಂಬಂಧ: ಜಗಳವೂ ಬೇಡ, ಶರಣಾಗತಿಯೂ ಬೇಡ

ಪಂಚಾಯತಿಯ ಬಂಡಿಗೆ ಎರಡು ಎತ್ತುಗಳು: ಚುನಾಯಿತ ಮಂಡಳಿ ಮತ್ತು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ನೇತೃತ್ವದ ಸಿಬ್ಬಂದಿ. ಏನು ಆಗಬೇಕು, ಯಾವುದು ಮೊದಲು ಎಂಬುದನ್ನು ಸಭೆ ನಿರ್ಧರಿಸುತ್ತದೆ. ನಿಯಮದಂತೆ ಅದನ್ನು ಜಾರಿಗೊಳಿಸುವುದು ಅಧಿಕಾರಿಯ ಕರ್ತವ್ಯ. ನಿಯಮಬಾಹಿರವಾದುದನ್ನು ಆಗದು ಎಂದು ಎಚ್ಚರಿಸುವ ಅಧಿಕಾರಿ ಪಂಚಾಯತಿಯ ಶತ್ರುವಲ್ಲ. ನಾಳೆ ಲೆಕ್ಕಪರಿಶೋಧನೆಯ ಆಕ್ಷೇಪಣೆಯಿಂದ ಅಧ್ಯಕ್ಷರನ್ನು ಕಾಪಾಡುವ ಹಿತೈಷಿ. ಹಾಗೆಯೇ, ಸಾಹೇಬರು ಹೇಳಿದರು, ನಾನು ಸಹಿ ಮಾಡಿದೆ ಎಂಬ ಉತ್ತರವು ವಿಚಾರಣೆಯಲ್ಲಿ ಅಧ್ಯಕ್ಷರ ರಕ್ಷಣೆಗೆ ಬರುವುದಿಲ್ಲ.

ಈ ಸಂದರ್ಭದಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಇಂದು ಪಂಚಾಯತಿಯ ಪಾವತಿಗಳು ಡಿಜಿಟಲ್ ಸಹಿಯ ಮೂಲಕ ನಡೆಯುತ್ತವೆ. ಆ ಸಹಿಯ ಡೋಂಗಲ್ ಹಾಗೂ ಗುಪ್ತಸಂಖ್ಯೆಯನ್ನು ಕಂಪ್ಯೂಟರ್ ನಿರ್ವಾಹಕರ ಮೇಜಿನಲ್ಲಿಯೋ ಗುತ್ತಿಗೆದಾರರ ಕೈಯಲ್ಲಿಯೋ ಬಿಡುವುದು ಬರೆಯದ ಚೆಕ್ಕಿಗೆ ಸಹಿ ಮಾಡಿ ಕೊಟ್ಟಂತೆ. ಯಾವ ಕಾಮಗಾರಿಗೆ, ಯಾವ ಅಳತೆಗೆ, ಎಷ್ಟು ಹಣ ಎಂಬುದನ್ನು ಓದಿ, ಅಕ್ಷರ ಬಾರದಿದ್ದರೆ ನಂಬಿಕಸ್ಥರಿಂದ ಓದಿಸಿ, ಸಾಧ್ಯವಾದರೆ ಸ್ಥಳವನ್ನು ಕಣ್ಣಾರೆ ಕಂಡು, ಆನಂತರವೇ ಸಹಿ ಮಾಡಬೇಕು. ಪಂಚಾಯತಿಯ ಗುತ್ತಿಗೆಯಲ್ಲಿ ತಮ್ಮದೇ ಪಾಲು ಇರುವುದು ಸದಸ್ಯತ್ವಕ್ಕೇ ಕುತ್ತು ತರಬಲ್ಲದು ಎಂಬುದನ್ನೂ ನೆನಪಿಡಬೇಕು.

6. ಮಹಿಳಾ ಸದಸ್ಯರ ಕುರ್ಚಿ ಮಹಿಳೆಯದೇ

ರಾಜ್ಯದಲ್ಲಿ ಪಂಚಾಯತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೂ ಕೆಲವೆಡೆ ಸಭೆಯಲ್ಲಿ ಅವರ ಪತಿ, ಮಗ ಅಥವಾ ಮೈದುನ ಮಾತನಾಡುವುದುಂಟು. ಆಯ್ಕೆಯಾದ ತಾಯಂದಿರು ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿರುತ್ತಾರೆ, ಇಲ್ಲವೇ ನಡವಳಿ ಪುಸ್ತಕವೇ ಸಹಿಗಾಗಿ ಮನೆಗೆ ಹೋಗುತ್ತದೆ. ಇದು ಕೇವಲ ಶಿಷ್ಟಾಚಾರದ ಲೋಪವಲ್ಲ. ಮತದಾರರು ಆರಿಸಿದ ವ್ಯಕ್ತಿಯ ಬದಲು ಆರಿಸದ ವ್ಯಕ್ತಿ ಅಧಿಕಾರ ನಡೆಸಿದಂತಾಗುತ್ತದೆ. ತಪ್ಪು ನಡೆದರೆ ಮಾತ್ರ ಹೊಣೆ ಸಹಿ ಮಾಡಿದ ಮಹಿಳೆಯ ಮೇಲೆಯೇ ಬೀಳುತ್ತದೆ.

ಮಹಿಳೆ ನಿಜವಾಗಿ ಅಧಿಕಾರ ನಡೆಸಿದಾಗ ಏನಾಗುತ್ತದೆ ಎಂಬುದಕ್ಕೆ ಪುರಾವೆಯಿದೆ. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅವರು ಪಶ್ಚಿಮ ಬಂಗಾಳದ ಬೀರ್‌ಭೂಮ್ ಹಾಗೂ ರಾಜಸ್ಥಾನದ ಉದಯಪುರ ಜಿಲ್ಲೆಗಳ ಗ್ರಾಮ ಪಂಚಾಯತಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿದ್ದ ಪಂಚಾಯತಿಗಳಲ್ಲಿ ಎರಡೂ ಕಡೆ ಕುಡಿಯುವ ನೀರಿನ ಕೆಲಸಗಳು ಹೆಚ್ಚಾಗಿ ನಡೆದಿದ್ದವು. ಕಾರಣ ಸರಳ: ನೀರು ಹೊರುವವರಿಗೆ ನೀರಿನ ಭಾರ ಗೊತ್ತು. ಎಸ್ತರ್ ಡುಫ್ಲೊ ಅವರಿಗೆ ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು.

ಆದ್ದರಿಂದ ಸಭೆಯ ಅಧ್ಯಕ್ಷತೆ ವಹಿಸುವವರು ಚುನಾಯಿತರಲ್ಲದ ಕುಟುಂಬಸ್ಥರನ್ನು ವಿನಯದಿಂದ, ಆದರೆ ದೃಢವಾಗಿ ಹೊರಗೆ ಕುಳ್ಳಿರಿಸಬೇಕು. ಮೊದಲ ಬಾರಿ ಮಾತನಾಡುವ ಸದಸ್ಯೆಯ ಮಾತು ತಡವರಿಸಿದರೆ ನಗುವವರನ್ನು ತಡೆಯಬೇಕು. ಎರಡನೆಯ ಸಭೆಗೆ ಅವರ ಧ್ವನಿ ಸ್ಥಿರವಾಗುತ್ತದೆ, ಐದನೆಯ ಸಭೆಗೆ ಅವರು ಲೆಕ್ಕ ಕೇಳುತ್ತಾರೆ. ಕುಟುಂಬದ ಹಿರಿಯರು ಇದನ್ನು ಮನೆಯ ಮರ್ಯಾದೆಗೆ ಕುಂದೆಂದು ತಿಳಿಯದೆ ಹೆಮ್ಮೆಯೆಂದು ತಿಳಿಯಬೇಕು.

7. ತಪ್ಪನ್ನು ಒಪ್ಪಿಕೊಳ್ಳುವುದು

ಕೊರೆದ ಕೊಳವೆಬಾವಿಗಳಲ್ಲೆಲ್ಲ ನೀರು ಬರುವುದಿಲ್ಲ. ಹಾಕಿದ ಯೋಜನೆಗಳೆಲ್ಲ ಫಲಿಸುವುದಿಲ್ಲ. ವಿಫಲವಾದುದನ್ನು ಮುಚ್ಚಿಟ್ಟರೆ ಜನರ ಬಾಯಲ್ಲಿ ಅದು ಭ್ರಷ್ಟಾಚಾರವಾಗಿ ಬೆಳೆಯುತ್ತದೆ. ಗ್ರಾಮ ಸಭೆಯಲ್ಲಿ ನಿಂತು ಇಷ್ಟು ಹಣ ವೆಚ್ಚವಾಯಿತು, ನೀರು ಬರಲಿಲ್ಲ, ಇಲ್ಲಿ ನೋಡಿ ಬಿಲ್ಲು ಎಂದು ತಾವೇ ಮೊದಲು ಹೇಳಿದ ಅಧ್ಯಕ್ಷರನ್ನು ಜನ ನಂಬುತ್ತಾರೆ. ಜಮಾಬಂದಿ ಮತ್ತು ಸಾಮಾಜಿಕ ಲೆಕ್ಕಪರಿಶೋಧನೆಗಳನ್ನು ಕೆಲವರು ಪರೀಕ್ಷೆಯೆಂದು ಹೆದರುತ್ತಾರೆ. ವಾಸ್ತವದಲ್ಲಿ ಅವು ಪ್ರಾಮಾಣಿಕರಿಗೆ ದೊರೆಯುವ ಸಾರ್ವಜನಿಕ ಪ್ರಮಾಣಪತ್ರಗಳು.

8. ನಾವಿಲ್ಲದಿದ್ದಾಗಲೂ ನಡೆಯುವ ಸಂಸ್ಥೆ

1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರು ಸುಮಾರು ಹತ್ತು ವರ್ಷದ ಬಾಲಕರ ಗುಂಪುಗಳೊಡನೆ ಒಂದು ಪ್ರಯೋಗ ನಡೆಸಿದರು. ಒಂದು ಬಗೆಯ ನಾಯಕ ಎಲ್ಲವನ್ನೂ ಆಜ್ಞಾಪಿಸುತ್ತಿದ್ದ. ಇನ್ನೊಂದು ಬಗೆಯವನು ಮಕ್ಕಳೊಡನೆ ಚರ್ಚಿಸಿ ತೀರ್ಮಾನಿಸುತ್ತಿದ್ದ. ಮೂರನೆಯವನು ಏನನ್ನೂ ಮಾಡದೆ ಬಿಟ್ಟುಬಿಡುತ್ತಿದ್ದ. ನಾಯಕ ಕೊಠಡಿಯಿಂದ ಹೊರಗೆ ಹೋದಾಗ ನಿಜಾಂಶ ಹೊರಬಿತ್ತು: ಆಜ್ಞೆಯ ಗುಂಪಿನಲ್ಲಿ ಕೆಲಸ ಕುಸಿಯಿತು, ಚರ್ಚೆಯ ಗುಂಪಿನಲ್ಲಿ ಕೆಲಸ ಮುಂದುವರಿಯಿತು. ನಾಯಕತ್ವದ ಅಳತೆಗೋಲು ನಾಯಕರು ಎದುರಿಗಿರುವಾಗ ನಡೆಯುವ ಕೆಲಸವಲ್ಲ, ಅವರಿಲ್ಲದಾಗ ನಡೆಯುವ ಕೆಲಸ.

ಕಲಬುರಗಿ ನಗರದಲ್ಲಿಯೇ ಇದಕ್ಕೆ ಸಾಕ್ಷಿಗಳಿವೆ. ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ 1958ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಎಂಜಿನಿಯರಿಂಗ್ ಕಾಲೇಜನ್ನೂ 1963ರಲ್ಲಿ ವೈದ್ಯಕೀಯ ಕಾಲೇಜನ್ನೂ ಕಟ್ಟಿತು. ಉನ್ನತ ಶಿಕ್ಷಣಕ್ಕಾಗಿ ದೂರದ ಊರುಗಳಿಗೆ ಹೋಗಲಾರದ ಈ ಭಾಗದ ಮಕ್ಕಳಿಗೆ ಅವು ಬಾಗಿಲು ತೆರೆದವು. ಸ್ಥಾಪಕರು ಕಾಲವಾದರು, ತರಗತಿಗಳು ಇಂದಿಗೂ ನಡೆಯುತ್ತಿವೆ. ಶರಣಬಸವೇಶ್ವರರ ದಾಸೋಹ ಪರಂಪರೆಯೂ ಅಷ್ಟೇ. ಅವರ ಕಾಲ ಮುಗಿದ ಮೇಲೆಯೂ ಅದು ಈ ಊರಿನಲ್ಲಿ ಮುಂದುವರಿದುಕೊಂಡು ಬಂದಿದೆ.

ಕಮಲಾಪುರದ ಕೆಂಪು ಬಾಳೆಯೂ ನಮಗೊಂದು ಪಾಠ ಹೇಳುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಬಾಳೆ ಫಲ ಕೊಡಲು ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಬೆಳೆಗಾರರು ಅವಸರಪಡುವುದಿಲ್ಲ, ತಡವಾಗಿ ಬಂದರೂ ಹಣ್ಣಿಗೆ ಬೆಲೆಯಿದೆ ಎಂದು ಬಲ್ಲರು. ಆ ಮಾನ್ಯತೆ ಒಬ್ಬ ರೈತರ ಸೊತ್ತಲ್ಲ, ಆ ನೆಲದ ಬೆಳೆಗಾರರೆಲ್ಲರದು. ಅನೇಕರ ದುಡಿಮೆಯಿಂದ ಬಂದ ಹೆಸರನ್ನು ಒಬ್ಬರ ಅಸಡ್ಡೆಯೂ ಕೆಡಿಸಬಲ್ಲದು. ಪಂಚಾಯತಿಯ ಹೆಸರೂ ಅಂತಹುದೇ. ಇಂದು ಸರಿಪಡಿಸಿದ ಶಾಲೆಯ, ಇಂದು ನೆಟ್ಟ ಗಿಡದ, ಇಂದು ಹೂಳು ತೆಗೆಸಿದ ಕೆರೆಯ ಫಲ ನಮ್ಮ ಅವಧಿ ಮುಗಿದ ಮೇಲೆ ಬರಬಹುದು. ಆದರೂ ಆ ಕೆಲಸವನ್ನು ಮಾಡುವವರೇ ನಾಯಕರು.

9. ಸ್ವಯಂ ಪರಿಶೀಲನೆಗಾಗಿ ಪ್ರಶ್ನೆಗಳು

ಪ್ರತಿಯೊಬ್ಬ ಸದಸ್ಯರೂ ಮೂರು ತಿಂಗಳಿಗೊಮ್ಮೆ ಈ ಕೆಳಗಿನ ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಬಹುದು.

(ಅ) ಕಳೆದ ಸಭೆಯಲ್ಲಿ ಒಮ್ಮೆಯೂ ಮಾತನಾಡದ ಸದಸ್ಯರು ಯಾರು? ಅವರ ಅಭಿಪ್ರಾಯವನ್ನು ನಾನು ಕೇಳಿದೆನೆ?
(ಆ) ಹಿಂದಿನ ಗ್ರಾಮ ಸಭೆಯ ಬೇಡಿಕೆಗಳಲ್ಲಿ ಎಷ್ಟು ಈಡೇರಿವೆ? ಈಡೇರದವುಗಳಿಗೆ ಕಾರಣವನ್ನು ಜನರಿಗೆ ತಿಳಿಸಲಾಗಿದೆಯೇ?
(ಇ) ನನ್ನ ವಾರ್ಡಿನ ಅತ್ಯಂತ ದೂರದ ಮನೆಗೆ ನಾನು ಕೊನೆಯ ಬಾರಿ ಹೋದದ್ದು ಯಾವಾಗ?
(ಈ) ಓದದೆ ಸಹಿ ಮಾಡಿದ ಕಾಗದ ಯಾವುದಾದರೂ ಇದೆಯೇ? ನನ್ನ ಡಿಜಿಟಲ್ ಸಹಿ ಈಗ ಯಾರ ಬಳಿ ಇದೆ?
(ಉ) ನನಗೆ ಮತ ಹಾಕದವರ ಓಣಿಗೂ ಸಮನಾಗಿ ಕೆಲಸವಾಗಿದೆಯೇ?
(ಊ) ನನ್ನ ಸ್ಥಾನದಲ್ಲಿ ನಾನೇ ಕುಳಿತು ಮಾತನಾಡುತ್ತಿದ್ದೇನೆಯೇ?
(ಎ) ನಾಳೆ ನಾನು ಊರಲ್ಲಿಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ? ಅದು ನಿಲ್ಲದಂತೆ ಯಾರನ್ನು ಸಿದ್ಧಪಡಿಸಿದ್ದೇನೆ?

ಈ ಪ್ರಶ್ನೆಗಳಿಗೆ ಉತ್ತರವನ್ನು ಯಾವ ಕಚೇರಿಗೂ ಸಲ್ಲಿಸಬೇಕಾಗಿಲ್ಲ. ಆದರೆ ಬರುವ ಬೇಸಿಗೆಯಲ್ಲಿ ಯಾವುದೋ ಒಂದು ಕೊಳವೆಬಾವಿ ಬತ್ತಿಯೇ ಬತ್ತುತ್ತದೆ. ಆ ದಿನ ಪಂಚಾಯತಿಯ ಗೋಡೆಯ ಮೇಲೆ ಸರದಿಯ ಪಟ್ಟಿ ಇರುವುದೋ, ತಾಂಡಾದ ದಾರಿಯಲ್ಲಿ ಖಾಲಿ ಕೊಡಗಳ ಸಾಲು ಇರುವುದೋ ಎಂಬುದು ಇಂದಿನ ನಮ್ಮ ಉತ್ತರಗಳನ್ನು ಅವಲಂಬಿಸಿದೆ. ಈ ಲೇಖನವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಓದು ಬಾರದ ಸದಸ್ಯರಿಗೂ ಇದರ ಸಾರ ತಲುಪುವಂತೆ ನೋಡಿಕೊಳ್ಳಲು ಹಾಗೂ ತಮ್ಮ ತಮ್ಮ ಅನುಭವಗಳನ್ನು ಸೇರಿಸಿ ಚರ್ಚಿಸಲು ಎಲ್ಲ ಗ್ರಾಮ ಪಂಚಾಯತಿಗಳನ್ನು ಕೋರಲಾಗಿದೆ.